ಅಂಜಿಕೆಯ ಚಿಕಿತ್ಸೆಗೆ ವರ್ಚುವಲ್ ರಿಯಾಲಿಟಿ: ಅವಕಾಶವೂ ಎಚ್ಚರವೂ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಾಗಲಿ, ಕಮರ್ಷಿಯಲ್ ಸ್ಟ್ರೀಟಿನಲ್ಲಾಗಲಿ ವ್ಯಾಪಾರಕ್ಕೆ ಮಾತೇ ಬಂಡವಾಳ. ಲೆಕ್ಕಪತ್ರದಲ್ಲಿ ನಿಷ್ಣಾತನಾದರೂ ಗಿರಾಕಿಯೆದುರು ಬಾಯಿ ಬಾರದ ಗುಮಾಸ್ತ, ಕೆ.ಆರ್. ಪುರದ ಕಾರ್ಖಾನೆಯಲ್ಲಿ ಉತ್ತಮ ಬಿಡಿಭಾಗ ತಯಾರಿಸಿಯೂ ಖರೀದಿದಾರರ ಸಭೆಗೆ ಹೋಗಲು ಹಿಂಜರಿಯುವ ಮಾಲೀಕ, ಇವರು ಯಾವ ವರ್ತಕರಿಗೂ ಅಪರಿಚಿತರಲ್ಲ. ಎಲ್ಲ ಸಂಕೋಚವೂ ರೋಗವಲ್ಲ, ನಿಜ. ಆದರೆ ಇತರರು ತನ್ನನ್ನು ಅಳೆಯುತ್ತಾರೆ, ನಗುತ್ತಾರೆ ಎಂಬ ಭಯ ತಿಂಗಳುಗಟ್ಟಲೆ ಉಳಿದು ಉದ್ಯೋಗಕ್ಕೇ ಅಡ್ಡಿಯಾದಾಗ ವೈದ್ಯರು ಅದನ್ನು ಸಾಮಾಜಿಕ ಆತಂಕದ ಕಾಯಿಲೆಯೆಂದು ಗುರುತಿಸುತ್ತಾರೆ.

ಚಿಕಿತ್ಸೆಯ ತಿರುಳು ಹಳೆಯದೇ. ಅಂಜುವ ಸನ್ನಿವೇಶವನ್ನು ತಪ್ಪಿಸಿಕೊಳ್ಳದೆ ಹಂತಹಂತವಾಗಿ ಎದುರಿಸಬೇಕು. ನಿರೀಕ್ಷಿಸಿದ ಅನಾಹುತ ಘಟಿಸದೆಂದು ಮತ್ತೆ ಮತ್ತೆ ಕಂಡಾಗ ಭಯ ಸಡಿಲುತ್ತದೆ. ತೊಡಕಿರುವುದು ಆ ಸನ್ನಿವೇಶವನ್ನು ಒದಗಿಸುವುದರಲ್ಲಿ. ಒಬ್ಬ ರೋಗಿಗಾಗಿ ಇಪ್ಪತ್ತು ಜನರ ಸಭೆ ಸೇರಿಸಲು ಯಾವ ಆಸ್ಪತ್ರೆಗೆ ಸಾಧ್ಯ? ಕಣ್ಣಿಗೆ ಧರಿಸುವ ಹೆಡ್‌ಸೆಟ್ ಈ ಕೊರತೆಯನ್ನು ತುಂಬುತ್ತದೆ. ಚಿಕಿತ್ಸಕರು ಕೃತಕ ಸಭಿಕರ ಸಂಖ್ಯೆಯನ್ನು ಏರಿಸಬಹುದು, ಅವರು ತಲೆದೂಗುವಂತೆ, ಬೇಸರದಿಂದ ಆಕಳಿಸುವಂತೆಯೂ ಮಾಡಬಹುದು. 1995ರಲ್ಲಿ ಅಮೆರಿಕದ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು ಎತ್ತರದ ಭಯಕ್ಕೆ ಈ ವಿಧಾನವನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. 2017ರಲ್ಲಿ ಪ್ರಕಟವಾದ ಕೆನಡಾದ ಸ್ಟೆಫಾನ್ ಬುಶಾರ್ ತಂಡದ ಅಧ್ಯಯನ ಸಾಮಾಜಿಕ ಆತಂಕಕ್ಕೇ ಸಂಬಂಧಿಸಿದ್ದು. ಅದರ ಮುಖ್ಯ ಅಳತೆಯಲ್ಲಿ ಹೆಡ್‌ಸೆಟ್ ಬಳಸಿದ ಚಿಕಿತ್ಸೆ ನೈಜ ಸನ್ನಿವೇಶದ ಚಿಕಿತ್ಸೆಗಿಂತ ಮೇಲಾಗಿ ಕಂಡಿತು. ಪಾಲ್ಗೊಂಡವರು 59 ಮಂದಿ ಮಾತ್ರವೆಂಬುದನ್ನು ಮರೆಯಬಾರದು.

ಹೆಡ್‌ಸೆಟ್ ತಯಾರಿಕೆಯಲ್ಲಿ ವಿದೇಶೀ ಬೃಹತ್ ಕಂಪನಿಗಳೊಡನೆ ಸೆಣಸುವುದು ಸಣ್ಣ ಉದ್ಯಮಿಗೆ ವ್ಯರ್ಥ ಸಾಹಸ. ಅವಕಾಶವಿರುವುದು ದೃಶ್ಯಗಳಲ್ಲಿ. ಹಲಸೂರಿನ ಯುವಕ ಅಂಜುವುದು ವಿದೇಶದ ಸಭಾಂಗಣಕ್ಕಲ್ಲ. ಬ್ಯಾಂಕ್ ವ್ಯವಸ್ಥಾಪಕರ ಮೇಜಿಗೆ, ಮದುವೆ ಮನೆಯಲ್ಲಿ ಹಿರಿಯರು ಕೇಳುವ ಪ್ರಶ್ನೆಗೆ, ಇಂಗ್ಲಿಷ್ ತಪ್ಪೀತೆಂಬ ಅಳುಕಿಗೆ. ಕನ್ನಡ, ತಮಿಳು, ದಖ್ಖನಿ ಉರ್ದು ಒಟ್ಟಿಗೆ ಕೇಳಿಬರುವ ದಂಡು ಪ್ರದೇಶದ ಅಂಗಡಿಯನ್ನು ಇಲ್ಲಿಯವರಲ್ಲದೆ ಇನ್ನಾರು ಚಿತ್ರಿಸಿಯಾರು? 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ನೀತಿ ರೂಪಿಸಿದ ರಾಜ್ಯವಿದು. ಇಂದಿರಾನಗರದ ಸಣ್ಣ ಸಂಸ್ಥೆಗಳಿಗೆ ಈ ಕೆಲಸ ಅಸಾಧ್ಯವಲ್ಲ.

ಆದರೆ ಅವಸರ ಸಲ್ಲದು. 2020ರ ಏಪ್ರಿಲ್ 1ರಿಂದ ಚಿಕಿತ್ಸೆಗೆಂದು ಉದ್ದೇಶಿಸಿದ ಸಾಫ್ಟ್‌ವೇರ್ ಸಹ ದೇಶದಲ್ಲಿ ವೈದ್ಯಕೀಯ ಸಾಧನವೆಂದು ಪರಿಗಣಿತವಾಗಿದೆ. ಮಾತುಗಾರಿಕೆಯ ತರಬೇತಿಯೆಂದು ಮಾರುವುದು ಬೇರೆ, ಆತಂಕ ನಿವಾರಣೆಯೆಂದು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಬೇರೆ. ಎರಡನೆಯದಕ್ಕೆ ಮನೋವೈದ್ಯರ ಸಹಯೋಗ, ಪರೀಕ್ಷೆ, ಪರವಾನಗಿ ಬೇಕು. ನಿಮ್ಹಾನ್ಸ್ ಇರುವ ನಗರದಲ್ಲಿ, ಶಿವಾಜಿನಗರದಲ್ಲೇ ಬೌರಿಂಗ್ ಆಸ್ಪತ್ರೆ ಇರುವಾಗ, ನಾಲ್ಕಾರು ಉದ್ಯಮಿಗಳು ಕೂಡಿ ವೈದ್ಯರನ್ನು ಮೊದಲೇ ಕಾಣುವುದು ಲೇಸು. ಹೆಡ್‌ಸೆಟ್ ಧರಿಸಿದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದುಂಟು. ಅದನ್ನೂ ಗ್ರಾಹಕರಿಗೆ ತಿಳಿಸಬೇಕು.

ಮಾಲೀಕರ ಹೊಣೆ ಇನ್ನೂ ಸೂಕ್ಷ್ಮವಾದುದು. ನೌಕರನಿಗೆ ಬಲವಂತವಾಗಿ ಹೆಡ್‌ಸೆಟ್ ತೊಡಿಸಿ, ಅದರ ವರದಿಯನ್ನು ಬಡ್ತಿಯ ಕಡತಕ್ಕೆ ಸೇರಿಸಿದರೆ ಚಿಕಿತ್ಸೆಯೇ ಹೊಸ ಭಯವಾದೀತು. ವರದಿ ನೌಕರ ಮತ್ತು ವೈದ್ಯರ ನಡುವೆಯೇ ಉಳಿಯಲಿ. ಸದ್ಯಕ್ಕೆ ಅಂಗಡಿಯ ಗೋಡೆಯ ಮೇಲೆ 14416 ಎಂಬ ಸಂಖ್ಯೆಯನ್ನು ಅಂಟಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.