ಆರೋಗ್ಯ ಶಿಬಿರದಲ್ಲಿ ಗೊನೋರಿಯಾದ ಮಾತೂ ಬರಲಿ

ಹಜೀರಾ: ಕನ್ನಡ ಸಂಘಗಳ ಆರೋಗ್ಯ ತಪಾಸಣಾ ಶಿಬಿರವೆಂದರೆ ಸಾಮಾನ್ಯವಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣು, ಹಲ್ಲು. ಲೈಂಗಿಕ ಸೋಂಕಿನ ಹೆಸರೆತ್ತುವವರಿಲ್ಲ. ಆದರೆ ಹಜೀರಾದ ಉಕ್ಕು, ಗೊಬ್ಬರ, ಅನಿಲ ಸ್ಥಾವರಗಳ ಸುತ್ತ ಸಂಸಾರವನ್ನು ಊರಲ್ಲೇ ಬಿಟ್ಟು ಬಾಡಿಗೆ ಕೋಣೆಗಳಲ್ಲಿ ದಿನ ಕಳೆಯುವ ದುಡಿಮೆಗಾರರು ಎಷ್ಟೋ ಮಂದಿ. ಅವರಲ್ಲಿ ಒಬ್ಬನಿಗೆ ಗೊನೋರಿಯಾ ತಗಲಿತೆನ್ನೋಣ. ಆತ ಸಂಘದ ಹಿರಿಯರಲ್ಲಿ ಬಾಯಿ ಬಿಡುತ್ತಾನೆಯೇ? ಮೆಡಿಕಲ್ ಅಂಗಡಿಯಲ್ಲಿ ನಾಲ್ಕು ಗುಳಿಗೆ ಕೊಳ್ಳುತ್ತಾನೆ, ಉರಿ ಇಳಿದರೆ ಗುಣವಾಯಿತೆಂದು ತಿಳಿಯುತ್ತಾನೆ. ಇಲ್ಲವೇ ಗೋಡೆ ಮೇಲಿನ 'ಗುಪ್ತರೋಗ' ಜಾಹೀರಾತಿನ ಬೆನ್ನು ಹತ್ತುತ್ತಾನೆ.

ಅಪಾಯವಿರುವುದು ಇಲ್ಲಿಯೇ. ಗೊನೋರಿಯಾದ ಬ್ಯಾಕ್ಟೀರಿಯಾ ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ಒಂದೊಂದಾಗಿ ಸೋಲಿಸಿದೆ. ಸಿಪ್ರೋಫ್ಲಾಕ್ಸಾಸಿನ್ ಭಾರತದಲ್ಲಿ ಈ ರೋಗಕ್ಕೆ ನಾಟದಂತಾಗಿ ವರ್ಷಗಳೇ ಸಂದಿವೆ. ಈಗಿನ ಮುಖ್ಯ ಆಸರೆಯಾದ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಜಗ್ಗದ ತಳಿಗಳು ಕೆಲವು ದೇಶಗಳಲ್ಲಿ ಕಾಣಿಸಿಕೊಂಡಿವೆ.

ಹೀಗಾಗಿ ಹೊಸ ಮದ್ದಿನ ಹುಡುಕಾಟ ನಡೆದಿದೆ. ಜಿನೀವಾದ ಲಾಭರಹಿತ ಸಂಸ್ಥೆ ಗಾರ್ಡ್‌ಪಿ, ಜೋಲಿಫ್ಲೋಡಾಸಿನ್ ಎಂಬ ಔಷಧಿಯನ್ನು 5 ದೇಶಗಳ 930 ಮಂದಿಯಲ್ಲಿ ಪರೀಕ್ಷಿಸಿತು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಕೆಲವರಿಗೆ ನೀರಿನಲ್ಲಿ ಕಲಸಿ ಕುಡಿಯುವ 3 ಗ್ರಾಂ ಹೊಸ ಮದ್ದು, ಉಳಿದವರಿಗೆ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೋಮೈಸಿನ್. ಸುಮಾರು 6 ದಿನಗಳ ಬಳಿಕ ಅವರನ್ನು ಮರಳಿ ಕರೆಸಿ, ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲಾಯಿತು. ಹೊಸದರಲ್ಲಿ ಶೇ. 90.9, ಹಳೆಯದರಲ್ಲಿ ಶೇ. 96.2 ಗುಣ. ಅಂತರ ಮೊದಲೇ ಗೊತ್ತುಪಡಿಸಿದ ಮಿತಿಯೊಳಗಿತ್ತು; 2025ರ ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ನೀಡಿತು. ಉರಿ ನಿಂತಿತೆಂಬ ಮಾತನ್ನೇ ಅಲ್ಲಿ ಗುಣವೆಂದು ಲೆಕ್ಕ ಹಿಡಿಯಲಿಲ್ಲ ಎಂಬುದು ಗಮನಾರ್ಹ.

ಇದಕ್ಕೆ ಜಿನೀವಾದ ತನಕ ಹೋಗಬೇಕಿಲ್ಲ. ಸೂರತ್‌ನ ವೈದ್ಯರು ನಗರದ ಕೆಂಪುದೀಪ ಪ್ರದೇಶದ 118 ಮಹಿಳೆಯರನ್ನು ತಪಾಸಣೆ ಮಾಡಿ 2003ರಲ್ಲಿ ವರದಿ ಪ್ರಕಟಿಸಿದ್ದರು. ಶೇ. 16.9 ಮಂದಿಗೆ ಗೊನೋರಿಯಾ, ಶೇ. 22.7 ಮಂದಿಗೆ ಸಿಫಿಲಿಸ್. ಹೊರಲಕ್ಷಣ ನೋಡಿ ಮಾಡಿದ ನಿರ್ಣಯಕ್ಕೂ ಪ್ರಯೋಗಾಲಯದ ಫಲಿತಾಂಶಕ್ಕೂ ಸರಿಯಾಗಿ ತಾಳೆಯಾಗಲಿಲ್ಲ. ಗುಳಿಗೆ ಮಾರುವವನ ಅಂದಾಜು ಎಷ್ಟರದ್ದೆಂದು ಊಹಿಸಬಹುದು.

ಅರ್ಧಂಬರ್ಧ ಚಿಕಿತ್ಸೆಯ ಫಲವನ್ನು ಉಣ್ಣುವವಳು ಊರಲ್ಲಿರುವ ಹೆಂಡತಿ. ಗಂಡ ರಜೆಯಲ್ಲಿ ಹೋಗಿ ಬಂದರೆ ಸಾಕು, ಸೋಂಕು ಆಕೆಗೂ ತಗಲಬಹುದು. ಹೆಂಗಸರಲ್ಲಿ ಅನೇಕ ಸಲ ಲಕ್ಷಣವೇ ಇರುವುದಿಲ್ಲ. ಮುಂದೆ ಬಂಜೆತನ ಕಾಡಬಹುದು, ಹೆರಿಗೆಯ ವೇಳೆ ಮಗುವಿನ ಕಣ್ಣಿಗೂ ಸೋಂಕು ಹರಡಬಹುದು. ಮಕ್ಕಳಾಗಲಿಲ್ಲವೆಂಬ ನಿಂದೆ ಮಾತ್ರ ಅವಳ ಪಾಲಿಗೆ!

ಸಂಘದ ಪದಾಧಿಕಾರಿಗಳು ಮುಜುಗರ ಬದಿಗಿಟ್ಟು ಯೋಚಿಸಬೇಕಾದ ವಿಷಯವಿದು. ಮುಂದಿನ ಶಿಬಿರದಲ್ಲಿ ಕನ್ನಡ ಬಲ್ಲ ವೈದ್ಯರೊಬ್ಬರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಬಹುದು. ಹೆಸರು ಬರೆಸಿಕೊಳ್ಳುವ ಅಗತ್ಯವಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಬೇಕು, ಮರುತಪಾಸಣೆ ತಪ್ಪಿಸಬಾರದು ಎಂದು ಅಲ್ಲಿ ತಿಳಿಹೇಳಲಿ. ಗುಜರಾತಿ, ಹಿಂದಿ ಸರಿಯಾಗಿ ಬಾರದವನ ಜೊತೆಗೆ ಸೂರತ್‌ನ ಸರಕಾರಿ ಆಸ್ಪತ್ರೆವರೆಗೆ ಹೋಗಿಬರಲು ಇಬ್ಬರು ಕಾರ್ಯಕರ್ತರನ್ನು ನೇಮಿಸಿದರೆ ಇನ್ನೂ ಒಳ್ಳೆಯದು.