ಹಂಡೆಯ ತಾಮ್ರಕ್ಕೆ ನವಿಲು ಬಣ್ಣ

ಬಚ್ಚಲಿಗೆ ವಿದ್ಯುತ್ತಿನ ಗೀಸರು ಬಂದಮೇಲೆ ನಮ್ಮ ಮನೆಯ ತಾಮ್ರದ ಹಂಡೆ ಅಟ್ಟ ಸೇರಿದ್ದಿತು. ತಳ ಸವೆದು ತೂತು ಬಿದ್ದಿದ್ದ ಅದನ್ನು ಗುಜರಿಯವನಿಗೆ ಕೊಟ್ಟುಬಿಡೋಣವೆಂದರೆ ನಮ್ಮ ತಾಯಿಯವರು ಒಪ್ಪಲೊಲ್ಲರು. "ನಿಮ್ಮೈವರಿಗೂ ಎಣ್ಣೆನೀರು ಕಾಯಿಸಿದ ಹಂಡೆ ಅದು. ತಕ್ಕಡಿಯಲ್ಲಿಟ್ಟು ತೂಗಿಸುವೆಯಾ?" ಎಂದರು. ಕೊನೆಗೆ ನಾನೇ ಒಂದು ದಾರಿ ಸೂಚಿಸಿದೆ. ಹಂಡೆಯ ಮೈಯಿಂದ ಅಂಗೈಯಗಲದ ಐದು ತುಂಡುಗಳನ್ನು ಕತ್ತರಿಸಿ, ತಟ್ಟಿ ಸಮಮಾಡಿಸುವುದು. ಕಾವಿನಿಂದ ಅವಕ್ಕೆ ಬಣ್ಣ ಬರಿಸಿ ಐವರು ಮಕ್ಕಳ ಮನೆಗೂ ಒಂದೊಂದು ಕೊಡುವುದು. ತಾಯಿಯವರು ಅರೆಮನಸ್ಸಿನಿಂದ ಹೂಂಗುಟ್ಟಿದರು. ಕೆಡಿಸಿದರೆ ಆರನೆಯ ತುಂಡಿಗೆ ಅವರ ಅಪ್ಪಣೆ ದೊರೆಯುವಂತಿರಲಿಲ್ಲ.

ಲೋಹಕ್ಕೆ ಕುಂಚ ಮುಟ್ಟಿಸದೆ ಬಣ್ಣ ಬರಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಬೀದರಿನ ಕುಶಲಿಗಳು ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚುತ್ತಾರೆ. ಸತುವಿನ ಮೈ ಕಾಡಿಗೆಗಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ನಮ್ಮ ಕೆಲಸಕ್ಕೆ ಮಣ್ಣೂ ಬೇಡ, ನವಸಾಗರವೂ ಬೇಡ. ಅಡಿಗೆಮನೆಯ ಗ್ಯಾಸಿನ ಒಲೆ ಸಾಕು.

ತಾಮ್ರ ಕಾದಾಗ ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ತನ್ನ ಮೇಲೆ ಆಕ್ಸೈಡಿನ ಪೊರೆಯೊಂದನ್ನು ಕಟ್ಟಿಕೊಳ್ಳುವುದು. ಮೊದಮೊದಲು ಆ ಪೊರೆ ತಲೆಗೂದಲಿನ ದಪ್ಪದಲ್ಲಿ ಸಾವಿರಕ್ಕೊಂದು ಪಾಲಿನಷ್ಟು ತೆಳು. ಪೊರೆಯ ಮೇಲ್ಮೈಯಿಂದ ಹಿಂದಿರುಗುವ ಬೆಳಕೂ ಅದರಡಿಯ ಲೋಹದಿಂದ ಹಿಂದಿರುಗುವ ಬೆಳಕೂ ಒಂದನ್ನೊಂದು ಕೂಡಿದಾಗ ಕೆಲವು ಬಣ್ಣಗಳು ಅಳಿದು ಕೆಲವು ಎದ್ದು ತೋರುತ್ತವೆ. ಮಕ್ಕಳು ಊದುವ ಸಾಬೂನಿನ ಗುಳ್ಳೆಯಲ್ಲಿಯೂ ಮಳೆಬಿದ್ದ ರಸ್ತೆಯ ಎಣ್ಣೆಯ ಕಲೆಯಲ್ಲಿಯೂ ಕಾಣುವ ಬಣ್ಣ ಇದೇ ಜಾತಿಯದು. ಪೊರೆ ದಪ್ಪವಾದಂತೆ ಕಿತ್ತಳೆ, ಗುಲಾಬಿಗೆಂಪು, ನೇರಳೆ, ನೀಲಿ ಎಂದು ಬಣ್ಣ ಮುಂದುವರಿಯುವುದು. ಅಲ್ಲಿಂದ ಬಿಳುಪುಗೂಡಿದ ಹಳದಿ. ಇನ್ನೂ ಕಾಯಿಸಿದಿರೋ, ಎಲ್ಲವೂ ಮುಗಿದು ಕಪ್ಪು ಹಕ್ಕಳೆ ಕಟ್ಟುವುದು. ತಣಿಯುವಾಗ ಆ ಹಕ್ಕಳೆ ಸಿಡಿದು ಉದುರಿಹೋಗುವುದು. ತಾಮ್ರ ಕರಗಬೇಕಾದರೆ ೧,೦೮೫ ಡಿಗ್ರಿ ಸೆಲ್ಸಿಯಸ್ ಬೇಕು. ಆ ಭಯ ನಿಮಗೆ ಬೇಡ.

ಹಂಡೆಯ ತುಂಡನ್ನು ಮುಟ್ಟುವ ಧೈರ್ಯ ಸಾಲದೆ ಮೊದಲು ಅಟ್ಟದಲ್ಲಿದ್ದ ಹಳೆಯ ತಾಮ್ರದ ತಟ್ಟೆಯೊಂದನ್ನು ಒಲೆಯ ಮೇಲಿಟ್ಟೆ. ಬಣ್ಣ ಬರುವ ಬದಲು ತಟ್ಟೆಯ ಮೈ ಬೆಳ್ಳಿಯಂತೆ ಬೆವತು ಹನಿಗಟ್ಟತೊಡಗಿತು. ಅದಕ್ಕೆ ಕಲಾಯಿ ಹಾಕಿಸಿದ್ದರೆಂಬುದು ಆಗ ನೆನಪಾಯಿತು! ಕಲಾಯಿಯೆಂದರೆ ತವರ, ಅದು ೨೩೨ ಡಿಗ್ರಿಗೇ ಕರಗುವುದು. ಒಲೆಯ ಬಾಯಿಗಂಟಿದ ತವರವನ್ನು ಕೆರೆಯುವುದರಲ್ಲಿ ಆ ಭಾನುವಾರ ಕಳೆಯಿತು. ಮನೆಯವರು ಏನೆಂದರೆಂಬುದನ್ನು ಇಲ್ಲಿ ಬರೆಯಲಾರೆ.

ಆಮೇಲೆ ಹಂಡೆಯ ತುಂಡಿಗೇ ಕೈಯಿಟ್ಟೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಹುಣಿಸೆಹಣ್ಣು ಉಪ್ಪುಗಳಿಂದ ತಿಕ್ಕಿ, ತೊಳೆದು ಚೆನ್ನಾಗಿ ಒರಸಿದೆ. ಹುಣಿಸೆಯ ಹುಳಿ ಹಳೆಯ ಆಕ್ಸೈಡನ್ನು ಕರಗಿಸುವುದರಿಂದ ಇದಕ್ಕಿಂತ ಒಳ್ಳೆಯ ಮದ್ದು ಬೇರೆ ಬೇಡ. ಒರಸಿದಮೇಲೆ ಮುಖದ ಕಡೆಯನ್ನು ಬೆರಳಿನಿಂದ ಮುಟ್ಟಕೂಡದು. ಬೆರಳಿನ ಜಿಡ್ಡು ತಾಗಿದೆಡೆ ಬಣ್ಣ ಬೇರೆಯಾಗಿ ಬಂದು ಗುರುತು ನಿಲ್ಲುವುದು. ಒಲೆಯ ಮೇಲೆ ಕಬ್ಬಿಣದ ಜಾಲರಿಯಿಟ್ಟು, ಕಿಟಕಿ ತೆರೆದು, ಉರಿಯನ್ನು ಸಣ್ಣದುಮಾಡಿ, ಉಜ್ಜಿದ ಮುಖ ಮೇಲಾಗುವಂತೆ ಇಕ್ಕಳದಿಂದ ಇರಿಸಿದೆ. ಉರಿ ತಾಗುವುದು ಅಡಿಗೆ, ಬಣ್ಣ ಅರಳುವುದು ಮೇಲೆ. ನಡುವೆ ಹೆಚ್ಚು ಕಾವು, ಅಂಚಿಗೆ ಕಡಿಮೆ. ಆದ್ದರಿಂದ ಬಣ್ಣಗಳು ಬಳೆ ಬಳೆಯಾಗಿ ಹೊರಕ್ಕೆ ಸರಿಯುತ್ತವೆ. ನವಿಲುಗರಿಯ ಕಣ್ಣು ಕಣ್ಣೆದುರಿಗೇ ಬಿಚ್ಚಿಕೊಂಡಂತೆ ತೋರುವುದು.

ನಾನು ಕೆಟ್ಟದ್ದು ಇಲ್ಲಿಯೇ. ನೀಲಿ ಬಂದಿತು, ಇನ್ನಷ್ಟು ಗಾಢವಾಗಲೆಂದು ಕಾದೆ. ಒಲೆ ಆರಿಸುವ ಹೊತ್ತಿಗೆ ನಡುವಣ ನೀಲಿ ಪೇಲವವಾದ ಹಳದಿಗೆ ತಿರುಗಿತ್ತು. ಉರಿ ನಿಂತರೂ ಲೋಹದೊಳಗಿನ ಕಾವು ನಿಲ್ಲದಷ್ಟೆ. ಮುಂದಿನ ಸಲ ತುಂಡನ್ನು ಒಲೆಯಿಂದ ತೆಗೆದೊಡನೆಯೇ ಹಳೆಯ ಅರೆಯುವ ಕಲ್ಲಿನ ಮೇಲೆ ಒತ್ತಿಟ್ಟೆ. ಕಲ್ಲು ಕಾವನ್ನು ಹೀರಿ, ಬಣ್ಣ ಇದ್ದಲ್ಲಿಯೇ ನಿಂತಿತು. ಕೆಟ್ಟುಹೋದ ತುಂಡಿಗೆ ಮತ್ತೆ ಹುಣಿಸೆಹಣ್ಣೇ ಗತಿ. ಬಣ್ಣವೆಲ್ಲ ತೊಳೆದುಹೋಗಿ ತಾಮ್ರ ಮೊದಲಿನಂತಾಯಿತು. ಇಷ್ಟು ಸುಲಭವಾಗಿ ತಪ್ಪನ್ನು ಮನ್ನಿಸುವ ಲೋಹ ನನಗೆ ಬೇರೊಂದು ಗೊತ್ತಿಲ್ಲ.

ಚಿತ್ರ ಬರೆಯುವ ಹವ್ಯಾಸವುಳ್ಳವರು ಕಾಯಿಸಿದಮೇಲೆಯೇ ಬರೆಯಬೇಕು; ಮೊದಲು ಬರೆದರೆ ಬಣ್ಣ ಸುಟ್ಟುಹೋಗುವುದು. ನುಣ್ಣನೆಯ ತಾಮ್ರದ ಮೇಲೆ ಬಣ್ಣ ಕಚ್ಚದಾದುದರಿಂದ, ಬರೆಯುವ ಎಡೆಯನ್ನಷ್ಟೇ ಉಪ್ಪುಕಾಗದದಿಂದ ಸ್ವಲ್ಪ ಒರಟುಮಾಡಿಕೊಳ್ಳಿ. ಯುರೋಪಿನ ವರ್ಣಚಿತ್ರಕಾರರು ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ತಾಮ್ರದ ಹಲಗೆಗಳ ಮೇಲೆ ತೈಲಚಿತ್ರ ಬರೆಯುತ್ತಿದ್ದರು. ಜರ್ಮನಿಯ ಆಡಮ್ ಎಲ್ಸ್‌ಹೈಮರ್ ೧೬೦೯ರಲ್ಲಿ ಬೆಳುದಿಂಗಳನ್ನೂ ಕ್ಷೀರಪಥವನ್ನೂ ಬರೆದುದು ಎರಡು ಗೇಣನ್ನೂ ಮೀರದ ತಾಮ್ರದ ಹಲಗೆಯ ಮೇಲೆ. ಮರದಂತೆ ತಾಮ್ರ ತೇವಕ್ಕೆ ಉಬ್ಬದು, ಒಣಗಿದಾಗ ಕುಗ್ಗದು. ಆ ಚಿತ್ರ ಇಂದಿಗೂ ಮ್ಯೂನಿಕ್ಕಿನಲ್ಲಿದೆ.

ಮೆರುಗೆಣ್ಣೆಯ ವಿಷಯದಲ್ಲಿ ಎಚ್ಚರವಿರಲಿ. ಬಣ್ಣ ಉಳಿಯಲೆಂದು ನಾನು ಒಂದು ತುಂಡಿಗೆ ವಾರ್ನಿಷ್ ಬಳಿದೆ. ನೀಲಿ ಮಂಕಾಗಿ ಮಣ್ಣುಬಣ್ಣವಾಯಿತು. ಪೊರೆಯ ಮೇಲೆ ಗಾಳಿಗೆ ಬದಲು ವಾರ್ನಿಷ್ ಕುಳಿತರೆ ಬೆಳಕಿನ ಲೆಕ್ಕಾಚಾರವೇ ಬದಲಾಗುವುದು. ಮೂಲೆಯಲ್ಲೊಮ್ಮೆ ಪರೀಕ್ಷಿಸದೆ ಬಳಿಯಬೇಡಿ. ಮೆರುಗೆಣ್ಣೆಯನ್ನೇ ಬಿಟ್ಟು, ಗಾಜಿಗೆ ತಾಗದಂತೆ ಚೌಕಟ್ಟು ಹಾಕಿಸುವುದು ಮೇಲೆಂದು ನನಗೆ ತೋರುತ್ತದೆ.

ಕಡೆಗೂ ಐದು ತುಂಡುಗಳು ಸಿದ್ಧವಾದವು. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದುದನ್ನು ಹಿರಿಯಣ್ಣನಿಗೆಂದು ಎತ್ತಿರಿಸಿದ್ದೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ದೇವರ ಪಾತ್ರೆಗಳ ಸಾಲಿನಲ್ಲಿ ಅದು ಹೊಸ ಪೈಸೆಯಂತೆ ಕೆಂಪಗೆ ಥಳಥಳಿಸುತ್ತಿದೆ! "ಕಿಲುಬು ಹಿಡಿದಿದ್ದಿತು, ಹುಣಿಸೆಹಣ್ಣು ಹಾಕಿ ತಿಕ್ಕಿದೆ" ಎಂದರು ತಾಯಿಯವರು. ವಿಷಯ ತಿಳಿದಾಗ ಅವರ ಮುಖ ಸಣ್ಣದಾಯಿತು. ಅಂದು ಮಧ್ಯಾಹ್ನ ನಾನು ಮತ್ತೆ ಒಲೆ ಹಚ್ಚಿದಾಗ ಪಕ್ಕದಲ್ಲಿಯೇ ಬಂದು ನಿಂತರು. ಕಿತ್ತಳೆ ಬಂದು ಹೋಯಿತು, ಗುಲಾಬಿ ಹೋಯಿತು. ನೇರಳೆಯ ನಡುವೆ ನೀಲಿ ಇನ್ನೂ ಮೂಡುತ್ತಿದ್ದಂತೆಯೇ "ಇಳಿಸು" ಎಂದರು.

"ಇನ್ನೂ ಪೂರ್ತಿ ಬಂದಿಲ್ಲವಲ್ಲಮ್ಮ" ಎಂದೆ.

"ಒಗ್ಗರಣೆಯ ಮೆಣಸಿನಕಾಯಿ ಕಪ್ಪಾದಮೇಲೆ ಇಳಿಸುವವರುಂಟೆ? ಇಳಿಸು."

ಇಳಿಸಿ ಕಲ್ಲಿನ ಮೇಲಿಟ್ಟೆ. ನೋಡನೋಡುತ್ತಿದ್ದಂತೆ ನೀಲಿ ತುಂಬಿಕೊಂಡು ನಿಂತುಬಿಟ್ಟಿತು. ಹಿರಿಯಣ್ಣನ ಮನೆಯ ನಡುಮನೆಯಲ್ಲಿ ಈಗ ತೂಗುತ್ತಿರುವುದು ಅದೇ.