ಸುಂಕದ ಕಟ್ಟೆಯಲ್ಲಿ ಹದಿನಾರಾಣೆ ಲೆಕ್ಕ

ಕಾರವಾರದಿಂದ ಅಂಕೋಲೆಯ ಕಡೆಗೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬರುವ ವಾಹನವು ಹಟ್ಟಿಕೇರಿಯ ಸುಂಕದ ಕಟ್ಟೆಯ ಬಳಿ ಕ್ಷಣಕಾಲ ತಡೆಯುತ್ತದೆ. ಅಡ್ಡಗೋಲು ತಾನಾಗಿ ಮೇಲೇಳುತ್ತದೆ. ವಾಹನ ಮುಂದೆ ಸಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಹಿರಿಯರು ಗಾದೆ ಕಟ್ಟಿದರು. ಈಗಂತೂ ಕೇಳುವ ಕಿವಿಯೇ ಯಂತ್ರದ್ದು.

ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಎಂಬ ಚೀಟಿಯಲ್ಲಿ ಬ್ಯಾಟರಿಯಿಲ್ಲ. ಕಟ್ಟೆಯ ಮೇಲಿಂದ ಬೀಳುವ ರೇಡಿಯೋ ಅಲೆಯ ಕಸುವನ್ನೇ ಉಂಡು ಅದು ತನ್ನ ಗುರುತನ್ನು ತಿಳಿಸುತ್ತದೆ. ಆ ಗುರುತೆಂದರೆ 12 ಬೈಟುಗಳ ಒಂದು ಸಾಲು. ಒಂದೊಂದು ಬೈಟಿನಲ್ಲಿಯೂ 0 ಯಿಂದ 255ರ ವರೆಗಿನ ಒಂದು ಸಂಖ್ಯೆ ಅಡಗಿರುತ್ತದೆ. ಈ ಸಾಲನ್ನು ಮನುಷ್ಯರು ಓದಬೇಕು, ಕಡತದಲ್ಲಿ ಬರೆದಿಡಬೇಕು, ಬ್ಯಾಂಕಿಗೆ ಕಳಿಸಬೇಕು. ಹಾಗೆಯೇ ದಶಮಾಂಶದಲ್ಲಿ ಒತ್ತಾಗಿ ಬರೆದರೆ 12 ಮತ್ತು 3 ಕೂಡಿಯೂ 123, 1 ಮತ್ತು 23 ಕೂಡಿಯೂ 123. ಬಿಡಿಸುವವರು ಯಾರು?

ಇದಕ್ಕೆ ಗಣಕದವರು ಕಂಡುಕೊಂಡ ಉಪಾಯವನ್ನು ಕೇಳಿದರೆ ಮನೆಯ ಅಜ್ಜನು ನಕ್ಕಾನು. ರೂಪಾಯಿಗೆ ಹದಿನಾರಾಣೆ! 1957ರ ಏಪ್ರಿಲ್ 1ರಂದು ನಯೇ ಪೈಸೆ ಬರುವ ತನಕ ನಾಡೆಲ್ಲ ನಡೆದದ್ದು ಆ ಲೆಕ್ಕದಲ್ಲಿಯೇ. 183 ಆಣೆಗೆ ಎಷ್ಟು ರೂಪಾಯಿಯೆಂದು ಕೇಳಿದರೆ, 11 ರೂಪಾಯಿ 7 ಆಣೆಯೆಂದು ಅಜ್ಜನು ಕಣ್ಣು ಮುಚ್ಚಿಕೊಂಡು ಹೇಳಬಲ್ಲನು. ಗಣಕವೂ ಹಾಗೆಯೇ ಮಾಡುತ್ತದೆ. ಬೈಟನ್ನು 16ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಮೊದಲು, ಉಳಿದ ಶೇಷವನ್ನು ಆಮೇಲೆ ಬರೆಯುತ್ತದೆ. 9ರ ಆಚೆಗೆ ಒಂಟಿ ಅಂಕಿ ಇಲ್ಲವಾದುದರಿಂದ 10ಕ್ಕೆ ಎ, 11ಕ್ಕೆ ಬಿ, ಹೀಗೆ 15ಕ್ಕೆ ಎಫ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಸಾಲ ತಂದಿದ್ದಾರೆ. ಆದ್ದರಿಂದ 183 ಎಂಬುದು ‘ಬಿ-7’ ಆಗುತ್ತದೆ. 255ನ್ನು ಮೀರದ ಸಂಖ್ಯೆಗೆ ಎರಡೇ ಚಿಹ್ನೆ ಸಾಕು. 12 ಬೈಟಿಗೆ 24. ಹಿಂದಿರುಗಿಸುವಾಗ ಎರಡೆರಡಾಗಿ ಎತ್ತಿಕೊಂಡು, ಮೊದಲಿನದನ್ನು 16ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರಾಯಿತು. ಹನ್ನೊಂದು ಹದಿನಾರಲೆ ನೂರ ಎಪ್ಪತ್ತಾರು, ಮೇಲೆ ಏಳು.

ಇಷ್ಟು ಸರಳವಾದ ಕೆಲಸದಲ್ಲಿ ಕೆಡುವುದೇನು? ಕೆಡುವುದು ಸೊನ್ನೆ. ಹನ್ನೆರಡಾಣೆಯನ್ನು ಹಳೆಯ ಕಿರ್ದಿಯಲ್ಲಿ 0-12-0 ಎಂದು ಬರೆಯುತ್ತಿದ್ದರು. ರೂಪಾಯಿ ಇಲ್ಲದಿದ್ದರೂ ರೂಪಾಯಿಯ ಮನೆ ಬರಿದಾಗಿ ಬಿಡುತ್ತಿರಲಿಲ್ಲ. ಬೈಟಿನಲ್ಲಿ 12 ಇದ್ದರೆ ‘0-ಸಿ’ ಎಂದೇ ಬರೆಯಬೇಕು. ಆದರೆ ಜಾವಾ ಭಾಷೆಯಲ್ಲಿ ಪೂರ್ಣಾಂಕವನ್ನು ಈ ರೂಪಕ್ಕೆ ತರುವ ಹಳೆಯ ಸಾಧನವು ಮುಂದಿನ ಸೊನ್ನೆಯನ್ನು ನುಂಗಿ ಬರಿಯ ‘ಸಿ’ ಎನ್ನುತ್ತದೆ. ಅಲ್ಲದೆ ಆ ಭಾಷೆಯಲ್ಲಿ ಬೈಟಿಗೆ ಋಣಚಿಹ್ನೆಯೂ ಉಂಟು. 183ನ್ನು ಅದು ಋಣ 73 ಎಂದೆಣಿಸಿ, ‘ಬಿ-7’ರ ಮುಂದೆ ಆರು ಎಫ್‌ಗಳನ್ನು ಮೆರವಣಿಗೆ ಹೊರಡಿಸುತ್ತದೆ. 2021ರಲ್ಲಿ ಬಂದ ಜಾವಾದ 17ನೆಯ ಆವೃತ್ತಿಯಲ್ಲಿ ಇದಕ್ಕೆಂದೇ ತಕ್ಕ ಸಾಧನವನ್ನು ಒದಗಿಸಿದರು. ಇಷ್ಟು ತಡವೇಕೋ!

ಚೀಟಿಯ ಗುರುತಿನಲ್ಲಿ ಒಂದು ಸೊನ್ನೆ ಬಿದ್ದುಹೋದರೆ ಅದು ಆ ವಾಹನದ ಗುರುತಲ್ಲ. ಖಾತೆಯಲ್ಲಿ ಹಣವಿದ್ದೂ ಯಜಮಾನನು ಅಡ್ಡಗೋಲಿನ ಮುಂದೆ ಅಪರಿಚಿತನಾಗುತ್ತಾನೆ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ, ಸರಿಯಾದ ಚೀಟಿಯಿಲ್ಲದೆ ನಗದು ಕೊಡುವವರಿಗೆ ಇಮ್ಮಡಿ ಸುಂಕ ಬಿದ್ದಿತು.

ಈ ಸೊನ್ನೆಯ ಪೆಟ್ಟು ಕನ್ನಡಕ್ಕೆ ಇನ್ನಷ್ಟು ಹತ್ತಿರದ್ದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪಾಲಿಗೆ ಬಂದ ಸಂಖ್ಯೆಗಳೆಲ್ಲ ‘0-ಸಿ’ಯಿಂದಲೇ ಮೊದಲಾಗುತ್ತವೆ. ‘ಕ’ ಎಂದರೆ 0-ಸಿ-9-5, ಏತ್ವ 0-ಸಿ-ಸಿ-7, ‘ರ’ 0-ಸಿ-ಬಿ-0, ಗುಡಿಸು 0-ಸಿ-ಬಿ-ಎಫ್. ನಾಲ್ಕೂ ಕೂಡಿದರೆ ‘ಕೇರಿ’. ಅಕ್ಷರಕ್ಕೆ ಎರಡು ಬೈಟಿನಂತೆ ಬರೆದು, ಸೊನ್ನೆಗಳನ್ನು ನುಂಗುವ ಸಾಧನದ ಕೈಗೆ ಕೊಟ್ಟರೆ 16 ಚಿಹ್ನೆಗಳಲ್ಲಿ 12 ಮಾತ್ರ ಉಳಿಯುತ್ತವೆ. 12 ಸಮಸಂಖ್ಯೆಯಾದ್ದರಿಂದ ಓದುವ ಗಣಕಕ್ಕೆ ಸಂಶಯವೂ ಹುಟ್ಟದು. ಅದು ಸಿ-9-5-ಸಿ ಎಂದು ಒಂದು, ಸಿ-7-ಸಿ-ಬಿ ಎಂದು ಇನ್ನೊಂದು ಅಕ್ಷರವನ್ನು ಓದಿಕೊಳ್ಳುತ್ತದೆ. ಅವೆರಡೂ ಕೊರಿಯಾ ದೇಶದ ಲಿಪಿಯವು! ಕಡೆಗೆ ಒಂದು ಒಂಟಿ ಗುಡಿಸು ಮಾತ್ರ ಕನ್ನಡದ್ದಾಗಿ ಉಳಿಯುತ್ತದೆ.

‘ಹಟ್ಟಿಕೇರಿ’ ಎಂದು ಪೂರ್ತಿ ಬರೆದರೆ ಇಷ್ಟು ಅನರ್ಥವಾಗದು. ಒತ್ತಕ್ಷರದ ವಿರಾಮವೂ ಸೇರಿ ಅದರಲ್ಲಿ 9 ಸಂಖ್ಯೆಗಳಿವೆ. 36 ಚಿಹ್ನೆಗಳಲ್ಲಿ 9 ಸೊನ್ನೆ ಹೋದರೆ 27. ಜೊತೆಯಿಲ್ಲದ ಒಂದು ಚಿಹ್ನೆ ಕೊನೆಯಲ್ಲಿ ಉಳಿಯುವುದರಿಂದ, ಬಲ್ಲವರು ಬರೆದ ಕ್ರಮವಿಧಿಯಾದರೆ ತಪ್ಪೆಂದು ಅಲ್ಲಿಯೇ ನಿಲ್ಲುತ್ತದೆ. ಪೈಥಾನ್ ಭಾಷೆಯ ಸಾಧನವು ಹಾಗೆಯೇ ನಿಲ್ಲುತ್ತದೆ. ಬೆಸಸಂಖ್ಯೆ ಕಂಡೊಡನೆ ಮುಂದೆ ತಾನೇ ಒಂದು ಸೊನ್ನೆ ಅಂಟಿಸಿಕೊಂಡು ಸಾಗುವ ಕ್ರಮವಿಧಿಗಳೂ ಇವೆ. ಅಂಥವುಗಳಿಗೆ ಊರಿನ ಹೆಸರನ್ನು ಒಪ್ಪಿಸುವ ಮುನ್ನ, ‘0-ಸಿ’ ಎಂಬ ಒಂದೇ ಬೈಟನ್ನು ಹೋಗಿಬರಲು ಕಳುಹಿಸಿ ನೋಡುವುದು ಲೇಸು.